ಹೃದಯವಿಲ್ಲದ ಹೊಳೆ

ಸೇಡಂ ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಲ್ಲುತ್ತದೆಂದು ಕೂಗಿ ಹೇಳುವ ಹೆಂಗಸಿನ ಧ್ವನಿಯನ್ನು ಆ ತಾಲೂಕಿನವರೆಲ್ಲ ಗುರುತಿಸುತ್ತಿದ್ದರು. ಬೇರೆ ಊರುಗಳ ನಿಲ್ದಾಣಗಳಲ್ಲಿ ಯಂತ್ರವೇ ಮಾತಾಡುವ ಕಾಲ ಬಂದು ಎಷ್ಟೋ ವರ್ಷಗಳಾಗಿದ್ದವು. ಇಲ್ಲಿಯೂ ಒಮ್ಮೆ ಯಂತ್ರದ ದನಿ ಹಾಕಿ ನೋಡಿದಾಗ ಜನ, “ನಮ್ಮ ಮಹಾನಂದಕ್ಕ ಎಲ್ಲಿ ಹೋದಳು?” ಎಂದು ಜಗಳಕ್ಕೇ ನಿಂತಿದ್ದರು. ಆದರೆ ಮಹಾನಂದಾಳನ್ನು ಎದುರಿಗೆ ಕಂಡವರು ಕಡಿಮೆ. ಜನ ಸೇರುವ ಮೊದಲೇ ಬಂದು ಗಾಜಿನ ಕೋಣೆ ಹೊಕ್ಕಳೆಂದರೆ ಎಡಗಾಲನ್ನು ಮೇಜಿನ ಕೆಳಗೆ ಮಣೆಯ ಮೇಲೆ ಚಾಚಿ, ಸೀರೆಯ ನೆರಿಗೆ ಇಳಿಬಿಟ್ಟು ಕೂತುಬಿಡುತ್ತಿದ್ದಳು. ನಿಲ್ದಾಣ ಖಾಲಿಯಾದ ಮೇಲೆಯೇ ಏಳುತ್ತಿದ್ದುದು.

ಹದಿನಾರರ ಹರೆಯದಲ್ಲಿ ಬಂದ ಚಳಿಜ್ವರವೊಂದು ಹೋಗುವಾಗ ಆ ಕಾಲನ್ನು ಊದಿಸಿ ಹೋಗಿತ್ತು. ಮೊದಲು ಪಾದ, ಆಮೇಲೆ ಮೀನಖಂಡ, ಕಡೆಗೆ ತೊಡೆಯವರೆಗೆ. ಸೊಳ್ಳೆ ಕಚ್ಚಿ ಬಿಟ್ಟ ಕೂದಲೆಳೆಯಂಥ ಹುಳುಗಳು ಕಾಲಿನ ದುಗ್ಧರಸ ನಾಳಗಳಲ್ಲಿ ಮನೆ ಮಾಡಿ, ಅಲ್ಲೇ ಸತ್ತು, ಒಳಗಿನ ಪುಟ್ಟ ಪುಟ್ಟ ಕವಾಟಗಳನ್ನೆಲ್ಲ ಕೆಡಿಸಿದ್ದವು. ಆಮೇಲೆ ಮನೆಮನೆಗೆ ಗುಳಿಗೆ ಬಂತು, ಸೊಳ್ಳೆಗೂ ಮದ್ದು ಬಂತು. ಮಹಾನಂದಾಳಿಗೆ ಐವತ್ತು ಸಮೀಪಿಸುವ ಹೊತ್ತಿಗೆ ಆನೆಕಾಲು ರೋಗ ಆ ಸೀಮೆಯನ್ನೇ ಬಿಟ್ಟುಹೋಗಿತ್ತು. ಶಾಲೆಯ ಮಕ್ಕಳಿಗೆ ಅದು ಪುಸ್ತಕದಲ್ಲಿ ಬರುವ ಒಂದು ಹೆಸರು ಅಷ್ಟೇ. ರೋಗ ತೊಲಗಿತೆಂದು ಹಬ್ಬ ಮಾಡಿದವರಿಗೆ, ಅದು ಮುಟ್ಟಿ ಬಿಟ್ಟ ಜನ ಇನ್ನೂ ಬದುಕಿದ್ದಾರೆಂಬುದು ನೆನಪಿರಲಿಲ್ಲ. ಕಾಲನ್ನು ಬಿಗಿದು ಹಿಡಿಯುವ ಒತ್ತುಚೀಲಗಳೂ ಅಂಗಡಿಗಳಿಂದ ಮಾಯವಾದವು. ಮಹಾನಂದಾ ದಿನಾ ಕಾಲು ತೊಳೆದು, ಬೆರಳ ಸಂದಿಯನ್ನೆಲ್ಲ ಒಣಗುವಂತೆ ಒರೆಸಿ, ತಾಯಿ ತಿಪ್ಪವ್ವ ಹಿಡಿದುಕೊಟ್ಟ ಬಟ್ಟೆಯ ಪಟ್ಟಿಯನ್ನು ಬೆರಳಿನಿಂದ ತೊಡೆಯವರೆಗೆ ಸುತ್ತಿಕೊಳ್ಳುತ್ತಿದ್ದಳು. ಕೆಳಗೆ ಬಿಗಿಯಾಗಿ, ಮೇಲೆ ಮೇಲೆ ಹೋದಂತೆ ಸಡಿಲವಾಗಿ. ಸುತ್ತಿದಷ್ಟು ಹೊತ್ತು ಬಾವು ತುಸು ತಗ್ಗಿರುತ್ತಿತ್ತು. ಬಿಚ್ಚಿದರೆ ಮತ್ತೆ ತುಂಬಿಕೊಳ್ಳುತ್ತಿತ್ತು.

ಆ ಗಾಜಿನ ಕೋಣೆಯ ಬಾಗಿಲನ್ನು ಒಂದು ಮಧ್ಯಾಹ್ನ ತಟ್ಟಿದವಳು ಡಾಕ್ಟರ್ ಸಬೀಹಾ ಇನಾಮದಾರ. ಕಲಬುರಗಿಯಲ್ಲಿ ಒಂದು ಸಣ್ಣ ಪ್ರಯೋಗಾಲಯ ನಡೆಸುತ್ತಿದ್ದಳು, ಆನೆಕಾಲಿನವರ ಹಳೆಯ ಆಸ್ಪತ್ರೆ ಪಟ್ಟಿಯಲ್ಲಿ ಇವಳ ಹೆಸರು ಕಂಡು ಬಂದಿದ್ದಳು. ಮೂವತ್ತೈದರ ಆಸುಪಾಸು, ಮಾತು ಚುರುಕು.

“ಅಕ್ಕಾ, ನಿಮ್ಮ ಕಾಲು ನೋಡ್ಲಾಕ ಬಂದೀನಿ,” ಎಂದಳು ನೇರವಾಗಿ.

ಮಹಾನಂದಾ ನೆರಿಗೆಯನ್ನು ಇನ್ನಷ್ಟು ಇಳಿಸಿಕೊಂಡಳು. “ನೋಡಿ ಏನ್ ಮಾಡ್ತೀರಿ? ನೋಡಿದೋರೆಲ್ಲ ನೋಡಿ ಹೋಗ್ಯಾರ.”

“ಅವರು ಹೊರಗಿಂದ ನೋಡ್ಯಾರ. ನಾ ಒಳಗಿಂದ ನೋಡ್ಬೇಕು. ನಿಮಗೂ ತೋರಿಸ್ತೀನಿ.”

ಮೂವತ್ತು ವರ್ಷಗಳಲ್ಲಿ ಆ ಕಾಲನ್ನು ನೋಡಲು ಕೇಳಿದವರಿದ್ದರು. ಅವಳಿಗೇ ತೋರಿಸುತ್ತೇನೆ ಎಂದವರು ಯಾರೂ ಇರಲಿಲ್ಲ. ಮುಂದಿನ ರಜೆಯ ದಿನ ಮಹಾನಂದಾ ಕಲಬುರಗಿಯ ಬಸ್ಸು ಹತ್ತಿದಳು.

ಪ್ರಯೋಗಾಲಯದ ಕೋಣೆಯಲ್ಲಿ ದೀಪ ಆರಿಸಿ ಸಬೀಹಾ ಮೊದಲು ತನ್ನ ಕಾಲನ್ನೇ ಒಡ್ಡಿದಳು. ಬೆರಳ ಸಂದಿಯಲ್ಲಿ ಹಸಿರು ಮದ್ದಿನ ಒಂದು ಹನಿ ಚುಚ್ಚಿಕೊಂಡಳು. ಬರಿಗಣ್ಣಿಗೆ ಕಾಣದ ಬೆಳಕಿನಲ್ಲಿ ಆ ಮದ್ದು ಹೊಳೆಯುತ್ತದೆ, ಅದನ್ನು ಹಿಡಿಯುವ ಕ್ಯಾಮರಾ ಮೇಲೆ ತೂಗುತ್ತಿದೆ ಎಂದಷ್ಟೇ ಹೇಳಿದಳು.

ಪರದೆ ಮೊದಲು ಕಪ್ಪಗಿತ್ತು. ಬುಡದಲ್ಲಿ ಒಂದು ಚುಕ್ಕೆ ಮೂಡಿತು. ಚುಕ್ಕೆ ತುಂಬಿ ಮಣಿಯಾಯಿತು. ಮಣಿ ಒಮ್ಮೆ ನಡುಗಿ ಮೇಲಕ್ಕೆ ಜಾರಿ, ಬೆರಳಿನುದ್ದ ಹೋಗಿ ನಿಂತಿತು. ಅಲ್ಲಿ ಮತ್ತೆ ತುಂಬಿತು, ಮತ್ತೆ ಜಾರಿತು. ಅದರ ಹಿಂದೆ ಇನ್ನೊಂದು, ಅದರಾಚೆ ಮತ್ತೊಂದು. ಪಾದದಿಂದ ಮೊಣಕಾಲಿನವರೆಗೆ ಬೆಳಕಿನ ಸರವೊಂದು ಮೆಲ್ಲಗೆ, ಯಾರ ಅಪ್ಪಣೆಗೂ ಕಾಯದೆ ಏರುತ್ತಿತ್ತು.

ಮಹಾನಂದಾ ಪರದೆಯ ಹತ್ತಿರಕ್ಕೆ ಬಾಗಿದಳು.

“ಇದು ರಕ್ತ ಏನ್ರಿ?”

“ಅಲ್ಲ. ರಕ್ತದಿಂದ ಸೋರಿದ ನೀರು. ಮೈಯೊಳಗ ದಿನಾ ಕೊಡಗಟ್ಲೆ ಸೋರ್ತದ. ಬಹಳಷ್ಟು ತಾನೇ ತಿರುಗಿ ಹೋಗ್ತದ. ಉಳಿದದ್ದು ಈ ದಾರಿ ಹಿಡೀಬೇಕು. ರಕ್ತಕ್ಕಾದ್ರ ಎದಿಯೊಳಗ ಒಂದು ಪಂಪದ. ಈ ನೀರಿಗಿ ಅದೂ ಇಲ್ಲ, ನಾಳದ ಒಂದೊಂದು ತುಂಡೂ ತಾನೇ ಬಡಕೊಂತದ, ತಾನೇ ಮುಂದಿನದಕ್ಕ ದಾಟಿಸ್ತದ.”

“ಹುಟ್ಟಿದಾಗಿಂದ ಹಿಂಗೇ ನಡದದ?”

“ಹುಟ್ಟೋಕಿಂತ ಮೊದ್ಲಿಂದ.”

ಆಮೇಲೆ ಸಬೀಹಾ ಅವಳ ಎಡಗಾಲಿಗೆ ಹನಿ ಹಾಕಿದಳು. ಚುಕ್ಕೆ ಮೂಡಿತು. ಆದರೆ ಅದು ಮಣಿಯಾಗಲಿಲ್ಲ. ಒದ್ದೆ ಗೋಡೆಯ ಮೇಲೆ ತೇವ ಹಬ್ಬುವಂತೆ ಸುತ್ತಲೂ ಮಸುಕಾಗಿ ಹರಡಿತು. ದಾರಿಯೇ ಇರಲಿಲ್ಲ, ಬರೀ ಮಂಜು. ಆ ಮಂಜನ್ನು ನೋಡುತ್ತ ಮಹಾನಂದಾಳ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಆ ಕಾಲನ್ನು ಅವಳು ಬೈದಿದ್ದಳು, ಹೊಡೆದೂ ಇದ್ದಳು. ಪಾಪ, ನೀರಿಗೆ ಹೋಗಲು ದಾರಿಯೇ ಇಲ್ಲದೆ ಕಾಲು ಅದನ್ನೆಲ್ಲ ಹೊತ್ತುಕೊಂಡು ನಿಂತಿತ್ತು ಎಂಬುದು ಈಗ ತಿಳಿಯಿತು.

ಸಬೀಹಾಳ ಹತ್ತಿರ ಒಂದು ಚೀಲವಿತ್ತು. ಕಾಲಿಗೆ ಹಾಕುವ ಉದ್ದನೆಯ ಬೂದು ಚೀಲ, ಮುಟ್ಟಿದರೆ ಹತ್ತಿಯಂತೆ ಮೆತ್ತಗೆ. ಅದರ ಒಂದೊಂದು ಎಳೆಯೂ ವಿದ್ಯುತ್ತಿನ ಸೂಚನೆ ಸಿಕ್ಕರೆ ಸ್ನಾಯುವಿನಂತೆ ಕುಗ್ಗುತ್ತಿತ್ತು. ‘ಅಲೆಚೀಲ’ ಎಂದು ಕರೆಯುತ್ತಿದ್ದಳು. ಪಟ್ಟಿ ಸುತ್ತಿದರೆ, ಗಾಳಿಯ ಚೀಲ ಹಾಕಿದರೆ ನೀರು ಮೇಲೇರುತ್ತದೆ ನಿಜ, ಆದರೆ ನಾಳ ಅದರಿಂದ ಏನೂ ಕಲಿಯುವುದಿಲ್ಲ. ಉಯ್ಯಾಲೆಯನ್ನು ಯಾವಾಗಂದರೆ ಆವಾಗ ತಳ್ಳಿದರೆ ತಡೆದುಹೋಗುತ್ತದೆ, ಅದು ಹಿಂದೆ ಬಂದು ತಿರುಗುವ ಗಳಿಗೆಗೆ ತಳ್ಳಿದರೆ ಬೆರಳೊಂದು ಸಾಕು. ಹಾಗೆ, ನಾಳ ಯಾವ ಲಯದಲ್ಲಿ ಬಡಿದುಕೊಳ್ಳಬೇಕೋ ಅದೇ ಲಯದಲ್ಲಿ ಹೊರಗಿನಿಂದ ಒತ್ತುತ್ತ ಹೋದರೆ, ಸತ್ತಂತಿರುವ ನಾಳ ಆ ಬಡಿತವನ್ನು ಮತ್ತೆ ಕಲಿತೀತೇ? ಅವಳ ಪ್ರಶ್ನೆ ಇಷ್ಟೇ.

ಹತ್ತಾರು ಆರೋಗ್ಯವಂತರ ಲಯವನ್ನು ಸರಾಸರಿ ಮಾಡಿ ಚೀಲಕ್ಕೆ ಕಲಿಸಿದ್ದಳು. ಮಹಾನಂದಾ ವಾರವಾರವೂ ಹೋಗಿ ಅದನ್ನು ತೊಟ್ಟು ಮಲಗಿದಳು. ಅಲೆ ಬೆರಳಿನಿಂದ ಎದ್ದು ತೊಡೆಗೆ ಹೋಗಿ ಕರಗುವುದು ಹಿತವಾಗಿತ್ತು, ಬಾವೂ ಇಳಿಯುತ್ತಿತ್ತು. ಚೀಲ ತೆಗೆದು ಪರದೆ ನೋಡಿದರೆ ಮತ್ತದೇ ಮಂಜು. ಅವಳದೇ ಬಲಗಾಲಿನ ಲಯ ಹಿಡಿಯೋಣವೆಂದರೆ ಅಲ್ಲಿಯೂ ಹುಳುಗಳು ಓಡಾಡಿದ್ದವು. ಆ ನಾಳಗಳು ದಣಿದು, ಹೇಗೆ ಹೇಗೋ ಬಡಿದುಕೊಳ್ಳುತ್ತಿದ್ದವು.

“ಸರಾಸರಿ ಲಯ ಯಾರದೂ ಅಲ್ಲ ಅಕ್ಕಾ, ಅದಕ್ಕೇ ನಿಮ್ಮ ಕಾಲು ಒಪ್ಪಲಾಕತ್ತಿಲ್ಲ,” ಎಂದಳು ಸಬೀಹಾ ಕಡೆಗೆ. “ಒಡಹುಟ್ಟಿದೋರದು ಹತ್ರ ಇರ್ತದ. ನಿಮಗ ಅಣ್ಣ ತಮ್ಮ, ಅಕ್ಕ ತಂಗಿ ಯಾರಾರ ಅದಾರೇನು?”

“ಯಾರೂ ಇಲ್ಲ,” ಎಂದಳು ಮಹಾನಂದಾ.

ಮನೆಗೆ ಬಂದು ತಾಯಿಗೆ ಇದನ್ನು ಹೇಳಿದಾಗ ತಿಪ್ಪವ್ವ ಬಿಡಿಸುತ್ತಿದ್ದ ಅವರೆಕಾಯಿಯನ್ನು ಮೊರಕ್ಕೆ ಹಾಕಿ, ಮೊರವನ್ನು ಪಕ್ಕಕ್ಕೆ ಸರಿಸಿದಳು. “ಕಸ್ತೂರಿ ಸತ್ತಾಳೇನು?” ಎಂದಳು.

“ನನ್ನ ಪಾಲಿಗಿ ಇಲ್ಲ.”

ಕಸ್ತೂರಿ ಅವಳ ತಂಗಿ. ಬೀದರಿನಿಂದ ಕಸ್ತೂರಿಗೆ ಗಂಡು ಗೊತ್ತಾದಾಗ ಹಿರಿಯರೆಲ್ಲ ಸೇರಿ, ಮನೆಯಲ್ಲಿ ಆನೆಕಾಲು ಇದೆಯೆಂದು ತಿಳಿದರೆ ಸಂಬಂಧ ಮುರಿದೀತೆಂದು ಹೆದರಿ, ಹಿರಿಯ ಮಗಳು ಸೊಲ್ಲಾಪುರದಲ್ಲಿ ಓದುತ್ತಿದ್ದಾಳೆ, ಪರೀಕ್ಷೆ, ಬರಲಾಗುವುದಿಲ್ಲ ಎಂದು ಹೇಳಿಬಿಟ್ಟರು. ಮದುವೆಯ ದಿನ ಮಹಾನಂದಾ ಪಕ್ಕದ ಮನೆಯ ಹಿಂದಿನ ಕೋಣೆಯಲ್ಲಿದ್ದಳು. ಬಾಜಾ ಕೇಳಿಸಿತು, ಮಂಗಳಾಷ್ಟಕ ಕೇಳಿಸಿತು. ಊಟದ ಎಲೆಯನ್ನು ಯಾರೋ ತಂದು ಕೊಟ್ಟರು. ಹಿರಿಯರು ಮಾಡಿದ್ದನ್ನು ಅವಳು ಹೇಗೋ ನುಂಗಿಕೊಂಡಳು. ಆದರೆ ಗಂಡನ ಮನೆಗೆ ಹೊರಡುವಾಗ ಕಸ್ತೂರಿ ಆ ಗೋಡೆಯ ಪಕ್ಕದಲ್ಲೇ ಹಾದುಹೋದಳು, ಒಂದು ಗಳಿಗೆ ಒಳಗೆ ಬರಲಿಲ್ಲ. ಅಂದಿನಿಂದ ಮಹಾನಂದಾ ತಂಗಿಯೊಡನೆ ಮಾತಾಡಿರಲಿಲ್ಲ. ಕಸ್ತೂರಿ ತವರಿಗೆ ಬರುವ ದಿನ ಅವಳು ಕೆಲಸದ ಕೋಣೆಯಿಂದ ಏಳುತ್ತಲೇ ಇರಲಿಲ್ಲ.

ತಿಪ್ಪವ್ವ ಮಗಳನ್ನು ಕೇಳದೆ ಬೀದರಿಗೆ ಫೋನು ಮಾಡಿದಳು.

ನಾಲ್ಕು ದಿನ ಕಳೆದಿರಬೇಕು. ಮಹಾನಂದಾ ಕೆಲಸ ಮುಗಿಸಿ ಮನೆಗೆ ಬಂದರೆ ಒಳಗೆ ತಂಗಿ ಕೂತಿದ್ದಳು. ತಲೆಯಲ್ಲಿ ಬೆಳ್ಳಿಕೂದಲು, ಕಣ್ಣಿನ ಕೆಳಗೆ ಕಪ್ಪು. ಅಕ್ಕನನ್ನು ಕಂಡು ಎದ್ದು ನಿಂತಳು.

“ಯಾಕ ಬಂದಿ?”

“ನನ್ನ ಕಾಲು ಬೇಕಂತಲ್ಲ.”

“ನಿನ್ನ ಮನ್ಯಾಗ ಗೊತ್ತದೇನು, ಯಾರ ಸಲುವಾಗಿ ಬಂದಿ ಅಂತ?”

“ಎಲ್ಲಾರಿಗೂ ಹೇಳಿ ಬಂದೀನಿ. ನನ್ನ ಅಕ್ಕ ಸೊಲ್ಲಾಪುರದಾಗ ಓದ್ತಿದ್ದಿಲ್ಲ, ಆಕಿಗಿ ಆನಿಕಾಲದ, ಮದ್ವಿ ದಿನ ಆಕಿನ ಮುಚ್ಚಿಟ್ಟಿದ್ರು ಅಂತ.” ಕಸ್ತೂರಿ ಒಂದು ಹೆಜ್ಜೆ ಮುಂದೆ ಬಂದಳು. “ಅವತ್ತು ನಾ ಒಳಗ ಬಂದಿದ್ರ ಹೊರಗ ಹೋಗ್ತಿದ್ದಿಲ್ಲ ಅಕ್ಕ. ಹೆದರಿದೆ. ನಿನಗ ಹೆದರಿದ್ದಲ್ಲ. ಆ ರೋಗಕ್ಕ. ಇವತ್ತಿಗೂ ಮಲಗೋಕಿಂತ ಮೊದ್ಲ ಹೆಬ್ಬೆಟ್ಟಿಲೆ ಕಾಲು ಒತ್ತಿ ನೋಡ್ಕೊಂತೀನಿ. ತಗ್ಗು ಬಿದ್ದದ್ದು ಹಂಗೇ ಉಳೀತದೋ, ಮ್ಯಾಲ ಏಳ್ತದೋ ಅಂತ. ಒಂದಿನಾನೂ ಬಿಟ್ಟಿಲ್ಲ.”

ಮಹಾನಂದಾ ಗೋಡೆ ಹಿಡಿದು ನಿಧಾನವಾಗಿ ಕೂತಳು. ಆಮೇಲೆ, “ಉಂಡಿಯೇನು?” ಎಂದಳು.

ಪ್ರಯೋಗಾಲಯದಲ್ಲಿ ಎರಡು ಮಂಚಗಳನ್ನು ಪಕ್ಕಪಕ್ಕದಲ್ಲಿ ಹಾಕಿದರು. ಕಸ್ತೂರಿಯ ಕಾಲಿಗೆ ಆಲಿಸುವ ಚೀಲ, ಮಹಾನಂದಾಳ ಕಾಲಿಗೆ ಒತ್ತುವ ಚೀಲ. ಪರದೆಯ ಮೇಲೆ ಕಸ್ತೂರಿಯ ಬೆಳಕಿನ ಮಣಿಗಳು ಏರತೊಡಗಿದವು. ಕೊಂಚ ಹೊತ್ತು ನೋಡಿದ ಸಬೀಹಾ ಹುಬ್ಬು ಗಂಟಿಕ್ಕಿದಳು. ಕಸ್ತೂರಿಯ ನಾಳಗಳು ಮೂರು ಸಲ ಬೇಗ ಬೇಗ ಬಡಿದುಕೊಂಡು, ಆಮೇಲೆ ನಿಂತೇ ಹೋದವೇನೋ ಅನ್ನುವಷ್ಟು ಹೊತ್ತು ಸುಮ್ಮನಿದ್ದು, ಮತ್ತೆ ಬಡಿದುಕೊಳ್ಳುತ್ತಿದ್ದವು. ಇಂಥ ಮೌನವನ್ನೇ ಸಬೀಹಾಳ ಗಣಕಯಂತ್ರ ಇಷ್ಟು ದಿನ ದೋಷವೆಂದು ಸರಾಸರಿಯಿಂದ ತೆಗೆದು ಹಾಕುತ್ತಿತ್ತು.

“ಇದನ್ನ ತಿದ್ದಬ್ಯಾಡ, ಹೆಂಗದ ಹಂಗೇ ಕಳಿಸೋಣ,” ಎಂದು ತನಗೆ ತಾನೇ ಹೇಳಿಕೊಂಡಳು.

ತಂಗಿಯ ಕಾಲಿನ ಮಿಡಿತ ಅಕ್ಕನ ಕಾಲಿನ ಮೇಲೆ ಅಲೆಯಾಗಿ ಎದ್ದಿತು. ಮೂರು ಅಲೆ, ಒಂದು ದೀರ್ಘ ಮೌನ. ಮಹಾನಂದಾ ಕಣ್ಣು ಮುಚ್ಚಿದಳು. ಚಿಕ್ಕಂದಿನಲ್ಲಿ ಒಂದೇ ಕೌದಿಯಡಿ ಮಲಗಿದಾಗ ಕಸ್ತೂರಿ ನಿದ್ದೆಯಲ್ಲಿ ಕಾಲು ತಂದು ಅವಳ ಮೇಲೆ ಹಾಕುತ್ತಿದ್ದಳು. ಅದೇ ಭಾರ, ಅದೇ ಬಿಸುಪು ಎನ್ನಿಸಿತು.

ಕಸ್ತೂರಿ ಬೀದರಿಗೆ ಹೋಗಲಿಲ್ಲ, ಸೇಡಂನಲ್ಲೇ ಉಳಿದಳು. ಸಬೀಹಾ ಚೀಲಗಳನ್ನು ಮನೆಗೂ ಕೊಟ್ಟಳು. ನಸುಕಿನಲ್ಲೇ, ಕೆಲಸಕ್ಕೆ ಹೋಗುವ ಮೊದಲು, ಅಕ್ಕತಂಗಿಯರು ಪಡಸಾಲೆಯಲ್ಲಿ ಪಕ್ಕಪಕ್ಕ ಮಲಗಿ ಗಂಟೆಗಟ್ಟಲೆ ಮಿಡಿತ ದಾಟಿಸುತ್ತಿದ್ದರು, ತಿಪ್ಪವ್ವ ಅಲ್ಲೇ ಕೂತು ರೊಟ್ಟಿ ತಟ್ಟುತ್ತಿದ್ದಳು. ಮೊದಮೊದಲು ಮಾತಿರಲಿಲ್ಲ. ನಡುವೆ ಒಂದು ತಂತಿ ಇದ್ದುದರಿಂದ ಇಬ್ಬರೂ ಎದ್ದು ಹೋಗುವಂತೆಯೂ ಇರಲಿಲ್ಲ. ಹಾಗೆ ಬಿದ್ದುಕೊಂಡೇ ಕಸ್ತೂರಿ ತನ್ನ ಮಕ್ಕಳ ಸುದ್ದಿ ಹೇಳಿದಳು. ಮಹಾನಂದಾ ನಿಲ್ದಾಣದ ಸುದ್ದಿ ಹೇಳಿದಳು. ಒಂದು ದಿನ, ತಪ್ಪು ಬಸ್ಸು ಹತ್ತಿ ಚಿಂಚೋಳಿಗೆ ಹೋದ ಮದುಮಗನ ಕತೆ ಕೇಳಿ ಕಸ್ತೂರಿ ನಕ್ಕ ರಭಸಕ್ಕೆ ಅವಳ ಚೀಲ ಅಡ್ಡಾದಿಡ್ಡಿ ಅಲೆ ಕಳಿಸಿ, ಇಬ್ಬರೂ ಕಾಲು ಹಿಡಿದುಕೊಂಡು ನಗುವಂತಾಯಿತು.

ಅಷ್ಟರಲ್ಲಿ ಜ್ವರ ಬಂತು.

ಕಿರುಬೆರಳ ಸಂದಿಯಲ್ಲಿ ಕಾಣದಷ್ಟು ಸಣ್ಣ ಬಿರುಕೊಂದು ಬಿಟ್ಟು ಅಲ್ಲಿಂದ ಸೋಂಕು ಹೊಕ್ಕಿತ್ತು. ಹೊತ್ತೇರುವುದರೊಳಗೆ ಕಾಲು ಕೆಂಡದಂತೆ ಕೆಂಪಾಯಿತು, ಹಲ್ಲು ಕಟಕಟ ಎನ್ನುವಂಥ ಚಳಿ. ಆಸ್ಪತ್ರೆಗೆ ಒಯ್ದರು. ಸಬೀಹಾ ಬಂದವಳೇ ಚೀಲಗಳನ್ನು ಕಳಚಿಟ್ಟಳು. ಪ್ರಯೋಗವನ್ನು ನೋಡಿಕೊಳ್ಳುವ ಹಿರಿಯ ವೈದ್ಯರು ಸದ್ಯಕ್ಕೆ ಎಲ್ಲ ನಿಲ್ಲಿಸಲು ಹೇಳಿದರು. ಸೋಂಕು ರಕ್ತಕ್ಕೆ ಇಳಿದರೆ ಜೀವಕ್ಕೇ ಅಪಾಯವಿತ್ತು.

ಎರಡು ದಿನ ಮಹಾನಂದಾಳಿಗೆ ಸರಿಯಾಗಿ ಎಚ್ಚರವಿರಲಿಲ್ಲ. ಜ್ವರ ಇಳಿದು ಕಣ್ಣು ಬಿಟ್ಟಾಗ ಕಸ್ತೂರಿ ಕಾಲ ಬುಡದಲ್ಲಿ ಕೂತಿದ್ದಳು.

“ಸಾಕು ಅಕ್ಕ. ನನ್ನ ಕಾಲಿನಿಂದ ನಿನಗ ಹಿಂಗಾಯ್ತು.”

“ನಿನ್ನ ಕಾಲು ಏನ್ ಮಾಡ್ತು? ಇಂಥ ಜ್ವರ ವರ್ಷಕ್ಕ ಎರಡು ಸಲ ಬರ್ತಾವ ನನಗ. ನೀನಿದ್ದಿಲ್ಲ, ನಿನಗ ಗೊತ್ತಿಲ್ಲ.”

ಕಸ್ತೂರಿ ತಲೆ ತಗ್ಗಿಸಿದಳು.

“ಅಂತೀನಿ ಅಂತ ಮನಸಿಗಿ ಹಚ್ಕೋಬ್ಯಾಡ,” ಎಂದಳು ಮಹಾನಂದಾ. ಬಾಗಿಲಲ್ಲಿ ನಿಂತಿದ್ದ ಸಬೀಹಾಳ ಕಡೆ ತಿರುಗಿದಳು. “ಡಾಕ್ಟರೇ, ನೀರಿಗಿ ದಾರಿ ಇಲ್ದಕ್ಕೇ ಹೌದಿಲ್ಲೋ ಈ ಜ್ವರ ಬರೋದು?”

“ಹೌದಕ್ಕಾ. ನಿಂತ ನೀರಿನಾಗ ಸೋಂಕು ಬೇಗ ಬೆಳೀತದ.”

“ಹಂಗಾದ್ರ ದಾರಿ ಮಾಡ್ರಿ. ನಡುವ ಬಿಟ್ಟು ಹೋಗಬ್ಯಾಡ್ರಿ.”

ಚರ್ಮ ಪೂರ್ತಿ ಮಾಯ್ದು, ಹಿರಿಯ ವೈದ್ಯರು ಒಪ್ಪಿಗೆ ಕೊಟ್ಟ ಮೇಲೆ ಮತ್ತೆ ಶುರುಮಾಡಿದರು. ಈ ಸಲ ದಿನವೂ ಬೆರಳ ಸಂದಿಗಳನ್ನು ಒರೆಸುವ ಕೆಲಸ ಕಸ್ತೂರಿಯದು. ಮೊದಲ ದಿನ ಬಟ್ಟೆಯ ತುದಿಯಿಂದಷ್ಟೇ ಒರೆಸಿದಳು. ಆಮೇಲೆ ಪಾದವನ್ನು ತೊಡೆಯ ಮೇಲಿಟ್ಟುಕೊಂಡೇ ಒರೆಸತೊಡಗಿದಳು.

ಬೇಸಿಗೆ ಮುಗಿಯುತ್ತ ಬಂದಿತ್ತು. ಒಂದು ಬೆಳಗ್ಗೆ ಪ್ರಯೋಗಾಲಯದಲ್ಲಿ ಎಂದಿನಂತೆ ಹನಿ ಹಾಕಿ, ಚೀಲ ತೊಡಿಸಿ, ಅಲೆ ಹಾಯಿಸಿ, ಚೀಲ ತೆಗೆದು ಪರದೆ ಹಚ್ಚಿದರು. ಮಂಜು ಇತ್ತು. ಸಬೀಹಾ ಇನ್ನೇನು ಆರಿಸಬೇಕು, ಕಸ್ತೂರಿ ಅವಳ ಕೈ ಹಿಡಿದಳು.

“ತಡೀರಿ. ಅದೇನದು?”

ಮಂಜಿನ ಅಂಚಿನಲ್ಲಿ ದಾರದೆಳೆಗಿಂತ ತೆಳ್ಳನೆಯ ಒಂದು ಗೆರೆ. ಅದರ ತುದಿ ಮೆಲ್ಲಗೆ ಉಬ್ಬಿತು. ಮಣಿಯಾಯಿತು. ನಡುಗಿತು. ಮೇಲಕ್ಕೆ ಜಾರಿತು.

ಚೀಲ ಮೇಜಿನ ಮೇಲೆ ಬಿದ್ದಿತ್ತು, ತಂತಿ ಕಳಚಿತ್ತು. ಕಾಲನ್ನು ಒತ್ತುವವರು ಯಾರೂ ಇರಲಿಲ್ಲ. ಎರಡನೆಯ ಮಣಿ ಏರಿತು, ಮೂರನೆಯದು ಏರಿತು. ಆಮೇಲೆ ಮೌನ. ಆ ಮೌನ ಮುಗಿಯುವವರೆಗೆ ಕಸ್ತೂರಿ ಬೆರಳು ಮಡಚಿ ಎಣಿಸಿದಳು. ಮತ್ತೆ ಮೂರು. ಅದು ಹಳೆಯ ನಾಳಗಳ ದಾರಿಯಲ್ಲಿ ಹೋಗುತ್ತಿರಲಿಲ್ಲ. ಮೀನಖಂಡದ ಪಕ್ಕಕ್ಕೆ ಸರಿದು, ಮೊಣಕಾಲಿನ ಹಿಂದೆ ಬಳಸಿ, ಸಬೀಹಾ ಓದಿದ ಯಾವ ಶರೀರಶಾಸ್ತ್ರದ ಪುಸ್ತಕದಲ್ಲೂ ಇಲ್ಲದ ಕಡೆ ತಿರುವು ತೆಗೆದುಕೊಂಡು ಮೇಲೇರುತ್ತಿತ್ತು. ಎಲ್ಲ ಮುಚ್ಚಿಹೋದ ಮಾಂಸದೊಳಗೆ ತಾನೇ ತಡಕಾಡಿ, ತಾನೇ ಕೊರೆದು, ಹೊಸದೊಂದು ಹೊಳೆ ಹುಟ್ಟಿತ್ತು.

“ನನ್ನ ಮಿಡಿತ,” ಎಂದಳು ಕಸ್ತೂರಿ ಪಿಸುಮಾತಿನಲ್ಲಿ.

ಮುಂದಿನ ವಾರಗಳಲ್ಲಿ ಆ ಗೆರೆ ದಪ್ಪವಾಯಿತು, ಕವಲೊಡೆಯಿತು. ಆದರೆ ಸಬೀಹಾಳ ಮುಖದಲ್ಲಿ ಒಂದು ಆತಂಕ ಕಾಣಿಸಿಕೊಂಡಿತು. ಲಯ ಬದಲಾಗುತ್ತಿತ್ತು. ಮೂರಿದ್ದ ಬಡಿತ ಎರಡಾಯಿತು. ದೀರ್ಘವಾಗಿದ್ದ ಮೌನ ಗಿಡ್ಡವಾಯಿತು. ಕಲಿತದ್ದನ್ನು ನಾಳ ಮರೆಯುತ್ತಿದೆಯೇ? ಇನ್ನು ಕೆಲವು ದಿನಗಳಲ್ಲಿ ನಿಂತುಬಿಡುವುದೇ? ಕಸ್ತೂರಿಯ ಚೀಲವನ್ನು ಮತ್ತೆ ಜೋಡಿಸಿ ತಿದ್ದಲೂ ನೋಡಿದಳು. ನಾಳ ಒಪ್ಪಲಿಲ್ಲ, ತಂಗಿಯ ಅಲೆ ಬಂದರೆ ಅದನ್ನು ದಾಟಿ ತನ್ನದೇ ಹೊತ್ತಿಗೆ ಬಡಿದುಕೊಂಡಿತು. ನಿಲ್ಲಲೂ ಇಲ್ಲ. ದಿನದಿಂದ ದಿನಕ್ಕೆ ಬಲವಾಯಿತು.

ತನ್ನದೂ ಅಕ್ಕನದೂ ಎರಡೂ ಪರದೆಗಳನ್ನು ಒಟ್ಟಿಗೆ ನೋಡುತ್ತ ಕೂತಿದ್ದ ಕಸ್ತೂರಿಗೆ ಅದು ಮೊದಲು ಹೊಳೆಯಿತು.

“ಇದು ನಂದಲ್ಲ ಈಗ,” ಎಂದಳು. “ಅಕ್ಕಂದು. ಹದಿನಾರರಾಗ ಆ ಚಳಿಜ್ವರ ಬರೋಕಿಂತ ಮೊದ್ಲು ಆಕಿಗಿ ಇದ್ದದ್ದು.”

ಸಬೀಹಾ ಇದನ್ನು ಸಾಬೀತು ಮಾಡಿ ತೋರಿಸುವಂತಿರಲಿಲ್ಲ. ಹದಿನಾರರ ಹುಡುಗಿಯ ಕಾಲಿನ ಲಯ ಹೇಗಿತ್ತೆಂದು ಯಾರೂ ಬರೆದಿಟ್ಟಿರಲಿಲ್ಲ. ಆದರೂ ಅವಳು ಇಲ್ಲವೆನ್ನಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, “ಮೂವತ್ತು ವರ್ಷದ ಮ್ಯಾಲಾಯ್ತು, ಎಲ್ಲಿತ್ತಕ್ಕಾ ಇದು?” ಎಂದು ಕೇಳಿದಳು, ಮಹಾನಂದಾಳಿಗೆ ಗೊತ್ತಿರುವುದೇನೋ ಎಂಬಂತೆ. ಮಹಾನಂದಾ ಬೆಳಕಿನ ಮಣಿಗಳು ಏರುವುದನ್ನೇ ನೋಡುತ್ತಿದ್ದಳು.

ಕಾಲು ಬೇರೆಯವರ ಕಾಲಿನಂತೆ ಆಗಲಿಲ್ಲ. ಚರ್ಮ ದಪ್ಪವಾಗಿಯೇ ಉಳಿಯಿತು, ಹಿಮ್ಮಡಿಯ ಮೇಲಿನ ಮಡಿಕೆಗಳು ಹೋಗಲಿಲ್ಲ. ಹಗಲಿಗೊಂದು ಸಾದಾ ಚೀಲ ಬೇಕೇ ಬೇಕಿತ್ತು. ಆದರೆ ಬಾವು ಇಳಿದದ್ದು ಮತ್ತೆ ತುಂಬಲಿಲ್ಲ, ಜ್ವರ ಬರಲಿಲ್ಲ. ಸುದ್ದಿ ಹರಡಿ, ಎಲ್ಲೆಲ್ಲಿಂದಲೋ ಜನ ಒಡಹುಟ್ಟಿದವರನ್ನು ಕರೆದುಕೊಂಡು ಸಬೀಹಾಳ ಬಾಗಿಲಿಗೆ ಬರತೊಡಗಿದರು. ಇಷ್ಟು ಜನ ಇನ್ನೂ ಉಳಿದಿದ್ದರೆಂದು ಊರಿಗೆ ಗೊತ್ತಾದದ್ದೇ ಆಗ.

ದೀಪಾವಳಿ ಕಳೆದ ಮೇಲೆ ಮಹಾನಂದಾ ಮೊದಲ ಸಲ ತಂಗಿಯ ಮನೆಗೆ ಹೋದಳು. ಬೀದರಿನ ಕೋಟೆಯ ಹಿಂದಿನ ಓಣಿ, ಕಲ್ಲಿನ ಕಟ್ಟೆಯ ಮನೆ. ಬಾಗಿಲಲ್ಲಿ ಕಾಯುತ್ತಿದ್ದವಳು ಕಸ್ತೂರಿಯ ಅತ್ತೆ, ಎಂಬತ್ತರ ಮುದುಕಿ. ಸೊಸೆಯ ಕೈಗೆ ಕೊಡದೆ ತಾನೇ ಚೊಂಬಿನಲ್ಲಿ ನೀರು ತಂದು, ಮಹಾನಂದಾಳ ಬಲಗಾಲಿಗೆ ಹಾಕಿದಳು. ಹಾಕಿ ನಿಂತಳು.

“ಅದನ್ನೂ ಮುಂದ ಮಾಡವ್ವ.”

ಮಹಾನಂದಾ ಕಟ್ಟೆಯ ಮೇಲೆ ಕೂತು ಸೀರೆಯನ್ನು ಮೊಣಕಾಲಿಗೆತ್ತಿ, ಎಡಗಾಲಿನ ಚೀಲ ಕಳಚಿ, ಬಿಸಿಲಿಗೆ ಒಡ್ಡಿದಳು. ಓಣಿಯಲ್ಲಿ ಜನ ಓಡಾಡುತ್ತಿದ್ದರು. ಮುದುಕಿ ನೀರು ಹೊಯ್ದು, ಬಗ್ಗಿ, ಆ ದಪ್ಪ ಚರ್ಮವನ್ನು ಅಂಗೈಯಿಂದ ಸವರಿದಳು.

“ಹೊಸಾ ಹೊಳಿ ಹುಟ್ಯದ ಅಂದಳು ಕಸ್ತೂರಿ. ಎಲ್ಲದ?”

ಮಹಾನಂದಾ ಆ ಸುಕ್ಕುಗಟ್ಟಿದ ಕೈಯನ್ನು ಹಿಡಿದು ತನ್ನ ಮೊಣಕಾಲಿನ ಹಿಂದಕ್ಕೆ ಒಯ್ದಿಟ್ಟಳು.

“ಇಲ್ಲಿ ತಿರುಗ್ತದ ಅವ್ವಾ. ಕೈಗಿ ಗೊತ್ತಾಗಂಗಿಲ್ಲ. ನನಗೂ ಗೊತ್ತಾಗಂಗಿಲ್ಲ. ಆದ್ರ ಹರೀಲಾಕತ್ತದ.”

ಮುದುಕಿ ಕೈ ತೆಗೆಯಲಿಲ್ಲ. ಕಣ್ಣು ಮುಚ್ಚಿ, ದೂರದ ಏನನ್ನೋ ಆಲಿಸುವವಳಂತೆ ತಲೆ ವಾಲಿಸಿ ಹಾಗೇ ಕೂತಳು. ಒಳಗಿನಿಂದ ಕಸ್ತೂರಿ ಊಟಕ್ಕೆ ಕರೆದಳು. ಇಬ್ಬರೂ ಏಳಲಿಲ್ಲ.